ಫಾರ್ಮ್ಯಾಟ್ ಹೊಡೆಯುವ ಮುನ್ನ

ಮುಂಗಾರಿಗೆ ಮೊದಲಿನ ಗುಡುಗು ಮಳೆ ಹುಬ್ಬಳ್ಳಿ-ಧಾರವಾಡದಲ್ಲಿ ಹೆಚ್ಚಾಗಿ ಸಂಜೆ ಹೊತ್ತಿಗೇ ಸುರಿಯುತ್ತದೆ. ಜೊತೆಗೆ ಕರೆಂಟೂ ಹೋಗುತ್ತದೆ. ಯುಪಿಎಸ್ ಇಲ್ಲದ ಮನೆಯಲ್ಲಿ ಆಗ ವಿಂಡೋಸ್ ಅಪ್‌ಡೇಟ್ ನಡೆದಿದ್ದರೆ ಡಿಸ್ಕಿಗೆ ಇಳಿಯುತ್ತಿದ್ದ ಫೈಲು ಅರ್ಧಕ್ಕೇ ನಿಲ್ಲಬಹುದು. ಮರುದಿನ ಆನ್ ಮಾಡಿದರೆ ನೀಲಿ ಪರದೆ. ಅಂಗಡಿಗೆ ಒಯ್ದರೆ, ‘ಫಾರ್ಮ್ಯಾಟ್ ಹೊಡದ್ ಬಿಡೂಣ್ರಿ’ ಎಂಬ ಮಾತು ಬಲುಬೇಗ ಬರುತ್ತದೆ. ಮಕ್ಕಳ ಫೋಟೊ, ಲೆಕ್ಕಪತ್ರಗಳೆಲ್ಲ ಅದರೊಂದಿಗೇ ಹೋಗುವ ಅಪಾಯವಿದೆ.

ಅವಸರ ಬೇಡ. ಕೆಟ್ಟ ಫೈಲನ್ನು ಹುಡುಕಿ ಬದಲಿಸುವ ವ್ಯವಸ್ಥೆ ವಿಂಡೋಸ್‌ನೊಳಗೇ ಇದೆ. ವಿಂಡೋಸ್ 2000ದಲ್ಲೇ ಮುಖ್ಯ ಫೈಲುಗಳ ಪ್ರತಿಗಳನ್ನು ಬೇರೆ ಫೋಲ್ಡರಿನಲ್ಲಿ ಕಾಪಿಡುವ ಕ್ರಮ ಬಂದಿತ್ತು. ವಿಸ್ಟಾದಿಂದ ಈಚೆಗೆ ಆ ಉಗ್ರಾಣದ ಹೆಸರು ‘ವಿನ್‌ಎಸ್‌ಎಕ್ಸ್‌ಎಸ್’. ಪ್ರತಿ ಫೈಲಿನ ಒಳಗಿನ ದತ್ತಾಂಶದಿಂದ ಲೆಕ್ಕಹಾಕಿದ ಒಂದು ಸಂಖ್ಯೆ, ಅಂದರೆ ಹ್ಯಾಶ್, ಅದರ ಬೆರಳಚ್ಚಿನಂತೆ. ಒಂದೇ ಒಂದು ಬಿಟ್ ಬದಲಾದರೂ ಅದು ತಾಳೆಯಾಗುವುದಿಲ್ಲ. ‘ಎಸ್‌ಎಫ್‌ಸಿ’ ಎಂಬ ಉಪಕರಣ ರಕ್ಷಿತ ಫೈಲುಗಳನ್ನೆಲ್ಲ ಹೀಗೆ ತಾಳೆ ನೋಡಿ, ಕೆಟ್ಟದ್ದರ ಜಾಗದಲ್ಲಿ ಉಗ್ರಾಣದ ಪ್ರತಿಯನ್ನು ಇಡುತ್ತದೆ. ಮನೆಯವರ ಫೋಟೊ, ಪತ್ರಗಳನ್ನು ಅದು ಮುಟ್ಟುವುದಿಲ್ಲ.

ಉಗ್ರಾಣವೇ ಕೆಟ್ಟಿದ್ದರೆ? ಅದಕ್ಕೆ ‘ಡಿಸ್ಮ್’ ಇದೆ. ಇಂಟರ್ನೆಟ್ ಮೂಲಕ ಮೈಕ್ರೋಸಾಫ್ಟ್‌ನಿಂದ ಸರಿಯಾದ ಪ್ರತಿಗಳನ್ನು ತರಿಸಿಕೊಳ್ಳುತ್ತದೆ. ಆದ್ದರಿಂದ ಅಡ್ಮಿನಿಸ್ಟ್ರೇಟರ್ ಅನುಮತಿಯ ಕಮಾಂಡ್ ಪ್ರಾಂಪ್ಟ್‌ನಲ್ಲಿ ಮೊದಲು ಡಿಸ್ಮ್‌ನ ‘ರಿಸ್ಟೋರ್‌ಹೆಲ್ತ್’, ಆಮೇಲೆ ಎಸ್‌ಎಫ್‌ಸಿಯ ‘ಸ್ಕ್ಯಾನ್‌ನೌ’ ಓಡಿಸುವುದು ಸರಿಯಾದ ಕ್ರಮ. ಶೇಕಡಾವಾರು ಅಂಕಿ ಬಹಳ ಹೊತ್ತು ಒಂದೇ ಕಡೆ ನಿಂತರೂ ಗಾಬರಿಯಾಗಿ ಪವರ್ ಬಟನ್ ಒತ್ತಬಾರದು.

ಒಂದು ಫೈಲು ಎಷ್ಟು ಹಾನಿ ಮಾಡಬಲ್ಲದು ಎಂಬುದನ್ನು 2024ರ ಜುಲೈ 19 ತೋರಿಸಿತು. ಕ್ರೌಡ್‌ಸ್ಟ್ರೈಕ್ ಕಂಪನಿ ಕಳಿಸಿದ ದೋಷಯುಕ್ತ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು. ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಚೆಕ್-ಇನ್ ಅಸ್ತವ್ಯಸ್ತವಾಯಿತು. ಅಲ್ಲಿ ಕೆಟ್ಟದ್ದು ಮೈಕ್ರೋಸಾಫ್ಟ್‌ನ ಫೈಲಲ್ಲ, ಹೀಗಾಗಿ ಎಸ್‌ಎಫ್‌ಸಿಯಿಂದ ಉಪಯೋಗವಿರಲಿಲ್ಲ. ಆದರೂ ಫಾರ್ಮ್ಯಾಟ್ ಬೇಕಾಗಲಿಲ್ಲ. ಸೇಫ್ ಮೋಡ್‌ಗೆ ಹೋಗಿ ಆ ಫೈಲನ್ನು ಅಳಿಸಿದರೆ ಯಂತ್ರ ಮತ್ತೆ ಏಳುತ್ತಿತ್ತು.

ದುರಸ್ತಿಯಾದ ಕೆಲವೇ ದಿನಗಳಲ್ಲಿ ಮತ್ತೆ ಫೈಲು ಕೆಟ್ಟರೆ ಸಂಶಯ ಹಾರ್ಡ್‌ವೇರ್ ಮೇಲೆ ಹೋಗಬೇಕು: ಸವೆದ ಡಿಸ್ಕ್ ಅಥವಾ ದೋಷವಿರುವ ರ‍್ಯಾಮ್. ಹಾರ್ಡ್‌ಡಿಸ್ಕ್ ಟಕಟಕ ಎನ್ನುತ್ತಿದ್ದರಂತೂ ಯಾವ ಕಮಾಂಡೂ ಬೇಡ, ಮೊದಲು ಫೋಟೊಗಳನ್ನು ಬೇರೆ ಡ್ರೈವ್‌ಗೆ ತೆಗೆದಿಡಬೇಕು.

ಫಾರ್ಮ್ಯಾಟ್‌ಗೆ ಹೂಂ ಅನ್ನುವ ಮೊದಲು ಅಂಗಡಿಯವರನ್ನು ಎರಡು ಪ್ರಶ್ನೆ ಕೇಳಿ: ಡಿಸ್ಮ್, ಎಸ್‌ಎಫ್‌ಸಿ ಓಡಿಸಿ ನೋಡಿದಿರಾ? ಡೇಟಾ ತೆಗೆದಿಟ್ಟಿರಾ?