ಅಪರೂಪದ ಕಾರು, ಸಾಮಾನ್ಯ ಕಬ್ಬಿಣ

1999ರಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆಂದೇ ಸುಬಾರು ಇಂಪ್ರೆಜಾ ಟರ್ಬೊ ಸಲೂನಿನ ವಿಶೇಷ ಆವೃತ್ತಿಯೊಂದು ಬಂತು. ಹೆಸರು ಆರ್‌ಬಿ5. ಆ ವರ್ಷ ಸುಬಾರು ತಂಡಕ್ಕೆ ಸೇರಿದ ರ‍್ಯಾಲಿ ಚಾಲಕ ರಿಚರ್ಡ್ ಬರ್ನ್ಸ್ ಅವರ ಹೆಸರಿನ ಮೊದಲಕ್ಷರಗಳ ಜೊತೆಗೆ ಅವರ ಸ್ಪರ್ಧಾ ಕಾರಿನ ಸಂಖ್ಯೆ 5 ಸೇರಿ ಆದ ಹೆಸರದು. ತಯಾರಾದವು 444 ಕಾರುಗಳಷ್ಟೇ. 2 ಲೀಟರ್ ಟರ್ಬೊ ಎಂಜಿನ್, ನಾಲ್ಕೂ ಚಕ್ರಗಳಿಗೆ ಶಕ್ತಿ, ಬೂದು ಬೆರೆತ ನೀಲಿ ಬಣ್ಣ. ಬರ್ನ್ಸ್ 2001ರಲ್ಲಿ ವಿಶ್ವ ಚಾಂಪಿಯನ್ ಆದರು, 2005ರಲ್ಲಿ ಕೇವಲ 34ರ ಪ್ರಾಯದಲ್ಲಿ ತೀರಿಕೊಂಡರು. ಹೀಗಾಗಿ ರ‍್ಯಾಲಿ ಪ್ರೇಮಿಗಳಿಗೆ ಈ ಕಾರಿನ ಮೇಲಿರುವುದು ಬರೀ ವೇಗದ ಮೋಹವಲ್ಲ.

ಇಂಥ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಲು ಹೋದವರು ಮೊದಲು ಬೋನೆಟ್ ಎತ್ತಿಸುತ್ತಾರೆ. ನನ್ನ ಪ್ರಕಾರ ಮೊದಲು ನೋಡಬೇಕಾದದ್ದು ಕಾರಿನ ತಳ. ಎಂಜಿನ್ ಕೆಟ್ಟರೆ ಬಿಚ್ಚಿ ಹೊಸದಾಗಿ ಕಟ್ಟಬಹುದು, ಗೇರ್‌ಬಾಕ್ಸ್ ಬದಲಿಸಬಹುದು. ಆದರೆ ಚಾಸಿ ನಂಬರ್ ಇರುವುದು ಬಾಡಿಯ ಮೇಲೆ. ಬಾಡಿಯೇ ಹೋದರೆ ಆ 444ರಲ್ಲಿ ಒಂದು ಕಾರು ಹೋದಂತೆ.

ಬಾಡಿಯ ಶತ್ರು ಉಪ್ಪು. ಚಳಿಗಾಲದಲ್ಲಿ ರಸ್ತೆ ಹೆಪ್ಪುಗಟ್ಟದಿರಲೆಂದು ಬ್ರಿಟನ್ನಿನಲ್ಲಿ ಕಲ್ಲುಪ್ಪು ಎರಚುತ್ತಾರೆ. ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು, ಆಮ್ಲಜನಕ ಎರಡೇ ಸಾಕು. ಉಪ್ಪು ಕರಗಿದ ನೀರಿನಲ್ಲಿ ವಿದ್ಯುತ್ತು ಸರಾಗವಾಗಿ ಹರಿಯುವುದರಿಂದ ಆ ಕ್ರಿಯೆ ಬಿರುಸಾಗುತ್ತದೆ. ಉಡುಪಿ, ಮಂಗಳೂರಿನ ಕಡಲಂಚಿನ ಮನೆಗಳ ಗೇಟುಗಳು ಬೇಗ ಹಾಳಾಗುವುದಕ್ಕೂ ಇದೇ ಕಾರಣ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಹಾಗಾಗಿ ಒಳಗಿನಿಂದ ಒತ್ತಿ ಬಣ್ಣವನ್ನು ಗುಳ್ಳೆಯಂತೆ ಎಬ್ಬಿಸುತ್ತದೆ. ಹೊರಗೆ ಕಡಲೆಯಷ್ಟು ಗುಳ್ಳೆ ಕಂಡರೆ ಒಳಗೆ ಅಂಗೈಯಗಲ ತಗಡು ಸವೆದಿರಬಹುದು.

ಆ ಕಾಲದ ಇಂಪ್ರೆಜಾಗಳಲ್ಲಿ ತುಕ್ಕು ಮೊದಲು ಕೂರುವುದು ಹಿಂದಿನ ಚಕ್ರಗಳ ಮೇಲಿನ ಕಮಾನಿನಲ್ಲಿ. ಒಳತಗಡು, ಹೊರತಗಡು ಕೂಡುವ ಅಂಚಿನಲ್ಲಿ ಕೆಸರು ಸೇರಿ ತಿಂಗಳುಗಟ್ಟಲೆ ತೇವ ಹಿಡಿದಿರುತ್ತದೆ. ಕಮಾನಿನ ಒಳ ಅಂಚಿಗೆ ಬೆರಳು ಹಾಕಿ ನಿಧಾನವಾಗಿ ಎಳೆಯಿರಿ. ಒಂದೇ ಸಮನೆ ನುಣುಪಾಗಿದ್ದರೆ ಸರಿ. ಹುರುಪೆ ಕೈಗೆ ಬಂದರೆ, ಇಲ್ಲವೇ ಅಂಚು ಅಸಹಜವಾಗಿ ದಪ್ಪವಾಗಿದ್ದರೆ ಅನುಮಾನಿಸಿ. ತೆಳುಬಟ್ಟೆ ಸುತ್ತಿದ ಅಯಸ್ಕಾಂತವನ್ನು ಹೊರಗಿನಿಂದ ತಾಗಿಸಿ ನೋಡಿ. ತಗಡಿಗೆ ಅಂಟುವ ಅಯಸ್ಕಾಂತ, ದಪ್ಪ ಪುಟ್ಟಿ ಬಳಿದಲ್ಲಿ ಜಾರಿ ಬೀಳುತ್ತದೆ.

ಕಮಾನಿಗಿಂತ ಗಂಭೀರವಾದದ್ದು ಹಿಂದಿನ ಸಸ್ಪೆನ್ಷನ್ನಿನ ಮೇಲ್ತುದಿ ಬಾಡಿಗೆ ಕೂರುವ ಜಾಗ. ಚಕ್ರದ ಹೊಡೆತವೆಲ್ಲ ಬೀಳುವುದು ಅಲ್ಲಿಗೆ. ಟಾರ್ಚ್ ಹಿಡಿದು ಚಕ್ರದ ಮೇಲ್ಭಾಗಕ್ಕೆ ಬೆಳಕು ಬಿಡಿ. ಬಾಗಿಲುಗಳ ಕೆಳಗಿನ ಪಟ್ಟಿ, ಬ್ರೇಕ್ ಪೈಪುಗಳನ್ನೂ ಬಿಡಬೇಡಿ. ತಳಕ್ಕೆ ಹೊಸದಾಗಿ ಕರಿ ಅಂಡರ್‌ಕೋಟಿಂಗ್ ಬಳಿದಿದ್ದರೆ, ಬಳಿಯುವ ಮುನ್ನ ತೆಗೆದ ಫೋಟೊ ಕೇಳಿ.

ಬ್ರಿಟನ್ನಿನಲ್ಲಿ ಕೊಳ್ಳುವವರಿಗೆ ಒಂದು ದೊಡ್ಡ ಅನುಕೂಲವಿದೆ. ಮೂರು ವರ್ಷ ದಾಟಿದ ಕಾರುಗಳಿಗೆ ಅಲ್ಲಿ ವರ್ಷಕ್ಕೊಮ್ಮೆ ನಡೆಯುವ ಎಂಒಟಿ ಪರೀಕ್ಷೆಯ ಹಳೆಯ ಫಲಿತಾಂಶಗಳನ್ನು ನಂಬರ್ ಪ್ಲೇಟ್ ಆಧಾರದಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಸಸ್ಪೆನ್ಷನ್, ಸ್ಟೀರಿಂಗ್, ಸೀಟ್ ಬೆಲ್ಟ್ ಬಿಗಿದಿರುವ ಜಾಗದ 30 ಸೆಂಟಿಮೀಟರಿನೊಳಗೆ ಬಾಡಿಯನ್ನು ದುರ್ಬಲಗೊಳಿಸುವಷ್ಟು ತುಕ್ಕಿದ್ದರೆ ಕಾರು ಫೇಲು. ಒಂದು ವರ್ಷ ‘ಸ್ವಲ್ಪ ತುಕ್ಕು’ ಎಂದು ಬರೆದ ಜಾಗದ ಬಗ್ಗೆ ಮರುವರ್ಷ ಚಕಾರವಿಲ್ಲದಿದ್ದರೆ, ವೆಲ್ಡಿಂಗ್ ಬಿಲ್ಲು ಎಲ್ಲಿ ಎಂದು ಮಾಲೀಕರನ್ನು ಕೇಳಲೇಬೇಕು.

ಕೊಂಡ ಮೇಲೂ ಈ ಕೆಲಸ ನಿಲ್ಲುವಂತಿಲ್ಲ. ಚಳಿಗಾಲದಲ್ಲಿ ಓಡಿಸಿದ ಕಾರಿನ ತಳವನ್ನು ಸಿಹಿನೀರಿನಿಂದ ತೊಳೆಯಬೇಕು. ಬೇಸಿಗೆಯಲ್ಲಿ ಚೆನ್ನಾಗಿ ಒಣಗಿದ ಮೇಲೆ ಟೊಳ್ಳು ಭಾಗಗಳ ಒಳಗೆ ಮೇಣ ಸಿಂಪಡಿಸಬೇಕು. ನೀರು ಹೊರಹೋಗುವ ರಂಧ್ರಗಳನ್ನು ಮಾತ್ರ ಮುಚ್ಚಬಾರದು.

ಮುಂಗಡ ಕೊಡುವ ಮೊದಲು ಕಾರನ್ನು ಗ್ಯಾರೇಜಿನ ಲಿಫ್ಟಿಗೆ ಏರಿಸಿ, ಅರ್ಧ ಗಂಟೆ ಅದರ ಕೆಳಗೆ ನಿಂತು ನೋಡಿ. ಅದಕ್ಕೆ ಮಾಲೀಕರು ಒಪ್ಪದಿದ್ದರೆ, ಎಷ್ಟೇ ಅಪರೂಪದ ಕಾರಾದರೂ ಕೊಳ್ಳಬೇಡಿ.