ಜೆ.ಸಿ. ರಸ್ತೆಯ ಬಿಡಿಭಾಗಗಳೂ ನಮ್ಮ ಪಿಕಪ್ಪಿನ ಮೈಲೇಜೂ

ಬೆಳೆಗಾರ ಬಾಂಧವರೇ, ಬೆಂಗಳೂರಿಗೆ ಹೋದ ನಮ್ಮಲ್ಲಿ ಹಲವರು ಪುರಭವನದಿಂದ ಮಿನರ್ವ ವೃತ್ತದವರೆಗಿನ ಜಯಚಾಮರಾಜೇಂದ್ರ ರಸ್ತೆಯಲ್ಲಿ ಒಂದು ಸುತ್ತು ಹಾಕದೆ ಹಿಂದಿರುಗುವುದಿಲ್ಲ. ವಾಹನಗಳ ಬಿಡಿಭಾಗಗಳಿಗೆ ಹೆಸರಾದ ಹಳೆಯ ಪೇಟೆ ಅದು. ಕಾಫಿ, ಅಡಿಕೆ ಮೂಟೆ ಹೇರಿ ಘಾಟಿ ಏರುವ ಪಿಕಪ್ಪಿಗೆ ಎಳೆತ ಹೆಚ್ಚಲಿ, ಡೀಸೆಲ್ ಉಳಿಯಲಿ ಎಂಬ ಆಸೆ ಸಹಜವೇ.

ಆದರೆ ಡೀಸೆಲ್ ಪೈಪಿಗೆ ಕಟ್ಟುವ ಅಯಸ್ಕಾಂತಕ್ಕೆ ಹಣ ಸುರಿಯಬೇಡಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಧನ ಉಳಿಸುತ್ತವೆಂಬ 100ಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ. ಹೇಳಿಕೊಳ್ಳುವಂಥ ಉಳಿತಾಯ ಯಾವುದರಲ್ಲೂ ಕಂಡಿಲ್ಲ. ಅಗಲದ ಟೈರು ನೋಡಲು ಚೆಂದ, ಮೈಲೇಜಿಗೆ ನಷ್ಟ.

ಚಿಪ್ ಹಾಕಿಸಿದರೆ ಎಳೆತ ಹೆಚ್ಚುವುದು ನಿಜ. ಆ ಶಕ್ತಿ ಬರುವುದು ಹೆಚ್ಚು ಡೀಸೆಲ್ ಉರಿಸಿಯೇ. ಟರ್ಬೊ, ಕ್ಲಚ್ಚುಗಳ ಮೇಲೆ ಹೊರೆ ಬೀಳುತ್ತದೆ, ವಾರಂಟಿಯೂ ಕೈತಪ್ಪಬಹುದು. 2020ರ ಏಪ್ರಿಲಿನಿಂದ ಜಾರಿಗೆ ಬಂದ ಬಿ.ಎಸ್.-6 ವಾಹನಗಳಲ್ಲಿ ಹೊಗೆ ಸೋಸುವ ಭಾಗವನ್ನು ತೆಗೆಸುವುದಂತೂ ಕಾನೂನಿಗೆ ವಿರುದ್ಧ.

ಅದೇ ಹಣದಲ್ಲಿ ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಬದಲಿಸಿ, ಇಂಜೆಕ್ಟರ್ ಪರೀಕ್ಷೆ ಮಾಡಿಸಿ. ತೋಟದ ಮಣ್ಣುರಸ್ತೆಯ ಧೂಳಿಗೆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಎಂಜಿನ್ನಿಗೆ ಉಸಿರು ಸಾಲದೆ ಎಳೆತ ಕುಗ್ಗುತ್ತದೆ. ಬ್ರೇಕ್ ಹಿಡಿದುಕೊಂಡಿದೆಯೇ ನೋಡಿಸಿ. ಟೈರು ತಣ್ಣಗಿರುವಾಗ ಗಾಳಿ ಅಳೆಯಿರಿ. ಪುಕ್ಕಟೆ ಸಿಗುವ ಗಾಳಿಯನ್ನೇ ನಾವು ಮರೆಯುವುದು!

ಏನೇ ಹಾಕಿಸಿದರೂ ಲೆಕ್ಕ ನೀವೇ ಇಡಿ. ಟ್ಯಾಂಕು ಪೂರ್ತಿ ತುಂಬಿಸಿ ಮೀಟರ್ ಬರೆದುಕೊಳ್ಳಿ. ಮುಂದೆ ಅದೇ ಬಂಕಿನಲ್ಲಿ ಮತ್ತೆ ತುಂಬಿಸುವಾಗ 480 ಕಿಲೋಮೀಟರಿಗೆ 40 ಲೀಟರ್ ಹಿಡಿಸಿದರೆ ಲೀಟರಿಗೆ 12 ಕಿಲೋಮೀಟರ್ ಎಂದಾಯಿತು. ಹಾಕಿಸುವ ಮೊದಲು ಮೂರು ಸಲ, ಆಮೇಲೆ ಮೂರು ಸಲ, ಅದೇ ದಾರಿ, ಅದೇ ಹೇರಿನಲ್ಲಿ ನೋಡಿ.