ಹಳೆಯ ಕಾರುಗಳ ಬಿಡಿಭಾಗ: ರಾಶಿಗೆ ಬೆಲೆ ಕಟ್ಟುವ ಲೆಕ್ಕ

ಹಳೆಯ ಕಾರೊಂದಕ್ಕೆ ಬೆಲೆ ಕಟ್ಟುವ ಕ್ರಮ ಹರಾಜುಗಳಿಂದಲೂ ಕ್ಲಬ್ಬುಗಳಿಂದಲೂ ಬಹುಮಟ್ಟಿಗೆ ನೆಲೆಗೊಂಡಿದೆ. ಆದರೆ ಅಂತಹ ಕಾರುಗಳ ಬಿಡಿಭಾಗಗಳು ಸಾವಿರಗಟ್ಟಲೆ ಒಂದೇ ಕಡೆ ಬಿದ್ದಿರುವಾಗ ಆ ರಾಶಿಗೆ ಬೆಲೆ ಕಟ್ಟುವ ವಿದ್ಯೆ ಇನ್ನೂ ಕೆಲವೇ ಅನುಭವಿಗಳ ಕೈಯಲ್ಲಿ ಉಳಿದಿದೆ. ಅಮೆರಿಕ ಮತ್ತು ಬ್ರಿಟನ್‌ಗಳಲ್ಲಿ ಇಂತಹ ರಾಶಿಗಳು ಇಂದಿಗೂ ಬೆಳಕಿಗೆ ಬರುತ್ತಲೇ ಇವೆ: ಎಂದೋ ಬಾಗಿಲು ಮುಚ್ಚಿದ ಕಾರು ಮಳಿಗೆಯ ಅಟ್ಟದಿಂದ, ಗ್ಯಾರೇಜು ನಡೆಸುತ್ತಿದ್ದವರ ಹಿತ್ತಿಲ ಶೆಡ್ಡಿನಿಂದ, ಒಂದೇ ಮಾದರಿಯ ಕಾರಿಗೆ ಮನಸೋತು ಜೀವನವಿಡೀ ಅದರ ಭಾಗಗಳನ್ನು ಕೂಡಿಹಾಕಿದವರ ಮನೆಯಿಂದ. ಮಾಲೀಕರು ತೀರಿಕೊಂಡ ಮೇಲೆ ವಾರಸುದಾರರ ಮುಂದೆ ಎರಡು ಅಂದಾಜುಗಳು ನಿಲ್ಲುತ್ತವೆ. ಒಂದು, ಪ್ರತಿಯೊಂದು ಭಾಗಕ್ಕೂ ಮಾರುಕಟ್ಟೆಯ ಚಿಲ್ಲರೆ ದರವನ್ನು ಹಾಕಿ ಕೂಡಿಸಿದ ಮೊತ್ತ. ಇನ್ನೊಂದು, ಎಲ್ಲವನ್ನೂ ಒಟ್ಟಿಗೆ ಎತ್ತಿಕೊಂಡು ಹೋಗಲು ಬಂದ ವ್ಯಾಪಾರಿ ಹೇಳುವ ಮೊತ್ತ. ಇವೆರಡರ ನಡುವಿನ ಅಂತರ ನೋಡಿ ವ್ಯಾಪಾರಿ ಮೋಸ ಮಾಡುತ್ತಿದ್ದಾನೆಂದು ವಾರಸುದಾರರಿಗೆ ಅನ್ನಿಸುವುದು ಸಹಜವಾದರೂ, ಬಹಳಷ್ಟು ಸಲ ಆ ಅಂತರಕ್ಕೆ ನ್ಯಾಯವಾದ ಕಾರಣಗಳೇ ಇರುತ್ತವೆ.

ಮೊದಲನೆಯದಾಗಿ, ಹಳೆಯದೆಲ್ಲವೂ ಅಪರೂಪವಲ್ಲ. ಫೋರ್ಡ್ ಕಂಪನಿ 1908ರಿಂದ 1927ರವರೆಗೆ ತಯಾರಿಸಿದ ಮಾಡೆಲ್ ಟಿ ಕಾರುಗಳ ಸಂಖ್ಯೆ ಒಂದೂವರೆ ಕೋಟಿಯನ್ನು ಮೀರಿತ್ತು. ಅದರ ಬೆನ್ನಿಗೆ ಬಂದ ಮಾಡೆಲ್ ಎ 1931ರೊಳಗೆ ಸುಮಾರು 48 ಲಕ್ಷ ತಯಾರಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಸರ್ಕಾರ ದೇಶದಾದ್ಯಂತ ಹಳೆಯ ಕಬ್ಬಿಣ ಸಂಗ್ರಹಿಸಿ ಕುಲುಮೆಗೆ ಕಳಿಸಿದಾಗ ಇಂತಹ ಕಾರುಗಳೂ ಭಾಗಗಳೂ ಅಪಾರ ಪ್ರಮಾಣದಲ್ಲಿ ಕರಗಿಹೋದವು. ಆದರೂ ಉಳಿದದ್ದು ಕಡಿಮೆಯೇನಲ್ಲ. ಮಾಡೆಲ್ ಟಿ ಕಾರಿನ ಹಿಂದಿನ ಆಕ್ಸಲ್, ಗೇರು ಚಕ್ರ, ಎಂಜಿನ್ನಿನ ಅಡಿತಟ್ಟೆ ಮುಂತಾದ ಗಟ್ಟಿ ಭಾಗಗಳು ಕಾರು ಸತ್ತ ಮೇಲೂ ಸಾಯದಂಥವು. ಆದ್ದರಿಂದಲೇ ಅವು ಎಲ್ಲ ಶೆಡ್ಡುಗಳಲ್ಲೂ ಸಿಗುತ್ತವೆ, ಕೇಳುವವರು ಮಾತ್ರ ಸಿಗುವುದಿಲ್ಲ. ಮೊದಲು ಒಡೆಯುವ, ಕಳೆಯುವ, ತುಕ್ಕು ಹಿಡಿಯುವ ವಸ್ತುಗಳದ್ದು ಬೇರೆ ಕಥೆ. ದೀಪದ ಗಾಜು, ರೇಡಿಯೇಟರಿನ ಮುಚ್ಚಳ, ವೇಗಮಾಪಕ, ಬಾಗಿಲ ಹಿಡಿಕೆ, ಲಾಂಛನ, ಅಲಂಕಾರದ ಪಟ್ಟಿಗಳು ಇಂತಹವು. ಕಾರನ್ನು ಪೂರ್ಣಗೊಳಿಸಲು ಹೊರಟವರಿಗೆ ಕೊನೆಯಲ್ಲಿ ಬೇಕಾಗುವುದೂ, ಎಲ್ಲಿಯೂ ದೊರೆಯದೆ ಕಾಡುವುದೂ ಇವೇ.

ಒಂದೇ ಹೆಸರಿನ ಕಾರಿನೊಳಗೂ ಕಾಲದ ಅಂತರ ಬೆಲೆಯನ್ನು ಬದಲಿಸುತ್ತದೆ. ಮಾಡೆಲ್ ಟಿ ಕಾರುಗಳಿಗೆ 1916ನೇ ಮಾದರಿಯವರೆಗೆ ಹಿತ್ತಾಳೆಯ ರೇಡಿಯೇಟರ್ ಇತ್ತು, 1917ರಿಂದ ಕಪ್ಪು ಬಣ್ಣದ ಕವಚ ಬಂದಿತು. ಹೀಗಾಗಿ ಹಿತ್ತಾಳೆಯ ಕಾಲದ ದೀಪ, ಹಾರನ್ನು, ರೇಡಿಯೇಟರುಗಳನ್ನು ಸಂಗ್ರಾಹಕರು ಹುಡುಕಿಕೊಂಡು ಹೋಗುತ್ತಾರೆ. ಇನ್ನೂ ಹಿಂದಕ್ಕೆ ಹೋದರೆ, ಆರಂಭದ ಸುಮಾರು 2,500 ಕಾರುಗಳ ಎಂಜಿನ್ನಿನಲ್ಲಿ ನೀರನ್ನು ತಳ್ಳಲು ಪಂಪ್ ಇತ್ತು. ಆ ಬಳಿಕ ಫೋರ್ಡ್ ಅದನ್ನು ಕೈಬಿಟ್ಟು, ಬಿಸಿನೀರು ತಾನಾಗಿ ಮೇಲೇರಿ ತಣ್ಣೀರು ಕೆಳಗಿಳಿಯುವ ವ್ಯವಸ್ಥೆಯನ್ನು ಅಳವಡಿಸಿತು. ಆ ಮೊದಲ ಬಗೆಯ ಎಂಜಿನ್ನಿನ ಒಂದು ಭಾಗ ಧೂಳು ತುಂಬಿದ ಡಬ್ಬದ ತಳದಲ್ಲಿದ್ದರೆ, ಇಡೀ ಗೋಡೆಗೆ ಒರಗಿಸಿಟ್ಟ 1926ರ ಆಕ್ಸಲುಗಳಿಗಿಂತ ಅದೇ ಹೆಚ್ಚು ಬಾಳಬಹುದು. ರಾಶಿಯ ಮೌಲ್ಯದ ಬಹುಪಾಲು ಕೆಲವೇ ವಸ್ತುಗಳಲ್ಲಿ ಅಡಗಿರುತ್ತದೆಂಬುದು ಈ ವ್ಯಾಪಾರದಲ್ಲಿರುವವರಿಗೆಲ್ಲ ಗೊತ್ತಿರುವ ಸಂಗತಿ. ಒಟ್ಟಿಗೆ ಕೊಳ್ಳುವ ವ್ಯಾಪಾರಿಯ ಕಣ್ಣು ಮೊದಲು ಹುಡುಕುವುದು ಅವನ್ನೇ, ಉಳಿದದ್ದನ್ನು ಆತ ಸಾಗಣೆಯ ಹೊರೆಯೆಂದೇ ಎಣಿಸುತ್ತಾನೆ. ಅತಿ ಅಪರೂಪದ ಕಾರುಗಳ ವಿಷಯದಲ್ಲಿ ಇದು ತಿರುಗುಮುರುಗಾಗುವುದೂ ಉಂಟು: ಸುಮಾರು 480 ಮಾತ್ರ ತಯಾರಾದ ಡ್ಯೂಸೆನ್‌ಬರ್ಗ್ ಮಾಡೆಲ್ ಜೆ ಕಾರಿನ ಭಾಗಕ್ಕೆ ಭಾರೀ ಬೆಲೆಯಿದ್ದರೂ, ಅದೇ ವರ್ಷ ಅದೇ ಭಾಗದ ಅಗತ್ಯವಿರುವ ಮಾಲೀಕರು ಜಗತ್ತಿನಲ್ಲಿ ಇಬ್ಬರೋ ಮೂವರೋ ಇರಬಹುದು, ಒಬ್ಬರೂ ಇಲ್ಲದಿರಬಹುದು.

ಇಷ್ಟಾಗಿ, ವಸ್ತು ಯಾವುದೆಂದು ತಿಳಿಯುವವರೆಗೆ ಅದಕ್ಕೆ ಬೆಲೆಯೇ ಇಲ್ಲ. ಫೋರ್ಡ್ ಕಂಪನಿಯ ಹಳೆಯ ಭಾಗಸಂಖ್ಯೆಗಳು ಇದಕ್ಕೆ ಒಳ್ಳೆಯ ನಿದರ್ಶನ. ಸಂಖ್ಯೆಯ ಮುಂದಿನ ಭಾಗ ಕಾರಿನ ಮಾದರಿಯನ್ನೂ ನಡುವಿನ ಮೂಲಸಂಖ್ಯೆ ವಸ್ತುವಿನ ಬಗೆಯನ್ನೂ ತಿಳಿಸುತ್ತವೆ: 'ಎ' ಎಂದರೆ ಮಾಡೆಲ್ ಎ, 18 ಎಂದರೆ 1932ರ ಎಂಟು ಸಿಲಿಂಡರಿನ ಕಾರು, 40 ಎಂದರೆ 1933 ಮತ್ತು 1934ರದ್ದು, 68 ಎಂದರೆ 1936ರದ್ದು, 8005 ಎಂದರೆ ರೇಡಿಯೇಟರ್, 9510 ಎಂದರೆ ಗಾಳಿ ಮತ್ತು ಪೆಟ್ರೋಲನ್ನು ಹದವಾಗಿ ಬೆರೆಸುವ ಕಾರ್ಬ್ಯುರೇಟರ್. ಈ ಕ್ರಮವನ್ನು ಬಲ್ಲವರು ಪೆಟ್ಟಿಗೆಯ ಮೇಲಿನ ಚೀಟಿಯನ್ನು ಓದಿಯೇ ಒಳಗಿನ ವಸ್ತುವನ್ನೂ ವರ್ಷವನ್ನೂ ಹೇಳಬಲ್ಲರು. ಜನರಲ್ ಮೋಟರ್ಸ್‌ನ ಏಳಂಕಿಯ ಸಂಖ್ಯೆಗಳು ಹಾಗೆ ತಾವಾಗಿ ಅರ್ಥ ಬಿಟ್ಟುಕೊಡುವುದಿಲ್ಲ. ಅವುಗಳಿಗೆ ಆಯಾ ವರ್ಷದ ಭಾಗಗಳ ಪಟ್ಟಿಪುಸ್ತಕವೇ ಬೇಕು. ಒಂದು ಕಾರಿನ ಭಾಗ ಬೇರೆ ಯಾವ ಕಾರುಗಳಿಗೆ ಹೊಂದುತ್ತದೆಂದು ತಿಳಿಸುವ ಹೊಂದಾಣಿಕೆಯ ಕೈಪಿಡಿಗಳೂ ಇವೆ. ಹಾಲಂಡರ್ ಹೆಸರಿನ ಪ್ರಸಿದ್ಧ ಕೈಪಿಡಿ ಅಮೆರಿಕದ ಗುಜರಿ ವ್ಯಾಪಾರಿಗಳ ಅನುಕೂಲಕ್ಕಾಗಿ 1934ರಲ್ಲಿ ಹೊರಬಂದಿತು. ಒಂದೇ ಮಾದರಿಗೆ ಸಲ್ಲುವ ವಸ್ತುವೆಂದು ಬದಿಗಿಟ್ಟದ್ದು ಐದಾರು ಮಾದರಿಗಳಿಗೆ ಸಲ್ಲುತ್ತದೆಂದು ಇಂತಹ ಪುಸ್ತಕದಿಂದ ತಿಳಿದರೆ, ಕೊಳ್ಳುವವರ ಸಂಖ್ಯೆ ಅಷ್ಟರಮಟ್ಟಿಗೆ ಹಿಗ್ಗುತ್ತದೆ. ಪೆಟ್ಟಿಗೆಯನ್ನು ಮಾತ್ರ ಪೂರ್ತಿ ನಂಬುವಂತಿಲ್ಲ: ಹಳೆಯ ಗ್ಯಾರೇಜುಗಳಲ್ಲಿ ಹೊಸ ಭಾಗವನ್ನು ಕಾರಿಗೆ ಜೋಡಿಸಿ, ಸವೆದದ್ದನ್ನು ಅದೇ ಪೆಟ್ಟಿಗೆಗೆ ಹಾಕಿ ಕಪಾಟಿಗೆ ಸೇರಿಸುವ ಅಭ್ಯಾಸವಿತ್ತು. ಮಲೆನಾಡಿನ ಬೆಳೆಗಾರರು ಅಡಿಕೆಯನ್ನು ರಾಶಿ, ಬೆಟ್ಟೆ, ಗೊರಬಲು ಎಂದು ವಿಂಗಡಿಸದೆ ಮಂಡಿಗೆ ಒಯ್ದರೆ ಎಲ್ಲದಕ್ಕೂ ಕೆಳದರ್ಜೆಯ ಬೆಲೆಯೇ ಸಿಗುವಂತೆ, ಗುರುತು ಹಚ್ಚದ ಬಿಡಿಭಾಗಗಳ ರಾಶಿಯೂ ಹೆಚ್ಚುಕಡಿಮೆ ಕಬ್ಬಿಣದ ತೂಕಕ್ಕೇ ಹೋಗುತ್ತದೆ.

ತಯಾರಾದ ಕಾಲದಲ್ಲೇ ಉಳಿದುಹೋಗಿ, ಯಾವ ಕಾರಿಗೂ ಜೋಡಣೆಯಾಗದೆ ಇರುವ ಭಾಗಗಳನ್ನು ವ್ಯಾಪಾರಿಗಳು 'ನ್ಯೂ ಓಲ್ಡ್ ಸ್ಟಾಕ್' ಎನ್ನುತ್ತಾರೆ. ಬಳಸದ ಹಳೆಯ ದಾಸ್ತಾನು ಎಂದು ಅದರ ಅರ್ಥ. ಈ ಹೆಸರಿಗೆ ಸಂಗ್ರಾಹಕರಲ್ಲಿ ಮಂತ್ರಶಕ್ತಿಯಿದೆಯಾದರೂ, ಬಳಸದಿರುವುದಕ್ಕೂ ಕೆಡದಿರುವುದಕ್ಕೂ ಸಂಬಂಧವಿಲ್ಲ. ರಬ್ಬರಿನ ಹೋಸು, ಬ್ರೇಕಿನ ವಾಷರು, ಎಂಜಿನ್ ಕೂರುವ ರಬ್ಬರ್ ತುಂಡುಗಳು ಪೆಟ್ಟಿಗೆಯೊಳಗೇ ಒಣಗಿ ಬಿರಿಯುತ್ತವೆ. ಮೇಣದ ಕಾಗದದಿಂದ ಮಾಡಿದ ಹಳೆಯ ಕಂಡೆನ್ಸರುಗಳು, ಅಂದರೆ ಕಿಡಿಯ ವ್ಯವಸ್ಥೆಯಲ್ಲಿ ವಿದ್ಯುತ್ತನ್ನು ಕ್ಷಣಕಾಲ ಹಿಡಿದಿಡುವ ಉಪಕರಣಗಳು, ತೇವ ಹೀರಿ ಕೆಲಸಕ್ಕೆ ಬಾರದಾಗುತ್ತವೆ. ಬ್ರೇಕಿನ ಲೈನಿಂಗು ಮತ್ತು ಕ್ಲಚ್ಚಿನ ಬಿಲ್ಲೆಗಳಲ್ಲಿ ಆಗ ಕಲ್ನಾರು ಬಳಸುತ್ತಿದ್ದರು. ಅದರ ಧೂಳು ಶ್ವಾಸಕೋಶಕ್ಕೆ ಮಾರಕವೆಂಬ ಕಾರಣಕ್ಕೆ ಬ್ರಿಟನ್ ಸೇರಿದಂತೆ ಹಲವು ದೇಶಗಳು ಕಲ್ನಾರನ್ನು ನಿಷೇಧಿಸಿರುವುದರಿಂದ, ಅಂತಹ ದಾಸ್ತಾನು ಆಸ್ತಿಯ ಕಡೆಗಲ್ಲ, ವಿಲೇವಾರಿಯ ಖರ್ಚಿನ ಕಡೆಗೆ ಲೆಕ್ಕವಾಗಬೇಕು.

ಎಲ್ಲಕ್ಕಿಂತ ಮೋಸಗೊಳಿಸುವುದು ಸತುವಿನ ಎರಕ. 1920 ಮತ್ತು 1930ರ ದಶಕಗಳಲ್ಲಿ ಕಾರ್ಬ್ಯುರೇಟರ್, ಬಾಗಿಲ ಹಿಡಿಕೆ, ಉಪಕರಣಗಳ ಚೌಕಟ್ಟು ಮುಂತಾದವನ್ನು ಅಗ್ಗವಾಗಿ ತಯಾರಿಸಲು ಸತುವಿನ ಮಿಶ್ರಲೋಹವನ್ನು ಅಚ್ಚಿಗೆ ಒತ್ತಿ ಎರಕ ಹೊಯ್ಯುತ್ತಿದ್ದರು. ಆ ಸತುವಿನಲ್ಲಿ ಸೀಸ ತುಸು ಬೆರೆತಿದ್ದರೂ, ತೇವಾಂಶ ತಗುಲಿದಂತೆಲ್ಲ ಲೋಹದ ಕಣಗಳ ಅಂಚುಗಳಲ್ಲಿ ಒಳಗಿಂದೊಳಗೇ ಸವಕಳಿ ನಡೆದು, ವಸ್ತು ಉಬ್ಬಿ, ಬಿರುಕು ಬಿಟ್ಟು, ಕೊನೆಗೆ ಕೈಯಲ್ಲೇ ಪುಡಿಯಾಗುತ್ತದೆ. 1929ರಲ್ಲಿ ನ್ಯೂ ಜರ್ಸಿ ಝಿಂಕ್ ಕಂಪನಿ ಅತಿ ಶುದ್ಧ ಸತುವಿನಿಂದ 'ಝಮಾಕ್' ಎಂಬ ಮಿಶ್ರಲೋಹವನ್ನು ರೂಪಿಸಿದ ಮೇಲೆ ಈ ದೋಷ ಕ್ರಮೇಣ ತಗ್ಗಿತು. ಆದುದರಿಂದ ಆ ಕಾಲದ ಕಾರ್ಬ್ಯುರೇಟರ್ ಮೇಲ್ನೋಟಕ್ಕೆ ಹೊಳೆಯುತ್ತಿದ್ದರೂ, ಅದರ ಅಂಚುಗಳು ನೇರವಾಗಿವೆಯೇ, ಮೈಮೇಲೆ ಕೂದಲೆಳೆಯಷ್ಟಾದರೂ ಬಿರುಕಿದೆಯೇ ಎಂದು ಪರೀಕ್ಷಿಸದೆ ಬೆಲೆ ಹೇಳುವುದು ದುಡುಕು.

ಮರುತಯಾರಿಕೆಯ ಪ್ರಶ್ನೆಯೂ ಇದೆ. ಕಾರೊಂದು ಜನಪ್ರಿಯವಾದಷ್ಟೂ ಅದರ ಭಾಗಗಳನ್ನು ಹೊಸದಾಗಿ ತಯಾರಿಸಿ ಮಾರುವವರು ಹುಟ್ಟಿಕೊಳ್ಳುತ್ತಾರೆ. 1975ರಲ್ಲಿ ಆರಂಭವಾದ ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ, 1980ರಲ್ಲಿ ಉತ್ಪಾದನೆ ನಿಂತಿದ್ದ ಎಂಜಿಬಿ ಕಾರಿನ ಇಡೀ ಮೈಕವಚವನ್ನೇ ಮೂಲ ಅಚ್ಚುಗಳನ್ನು ಬಳಸಿ 1988ರಲ್ಲಿ ಮತ್ತೆ ತಯಾರಿಸತೊಡಗಿತು; ಹಾಗಾದ ಮೇಲೆ ತುಕ್ಕು ಹಿಡಿದ ಹಳೆಯ ಕವಚವನ್ನು ಕಾಪಾಡಿಟ್ಟುಕೊಂಡವರ ಲೆಕ್ಕಾಚಾರ ತಲೆಕೆಳಗಾದದ್ದರಲ್ಲಿ ಆಶ್ಚರ್ಯವಿಲ್ಲ. ಇದಕ್ಕೆ ವಿರುದ್ಧವಾಗಿ, ಕಾರ್ವೆಟ್‌ನಂತಹ ಕಾರುಗಳ ಸ್ಪರ್ಧೆಗಳಲ್ಲಿ ಭಾಗದ ಮೇಲೆ ಎರಕದಲ್ಲೇ ಮೂಡಿದ ತಯಾರಿಕೆಯ ದಿನಾಂಕವು ಕಾರಿನ ದಿನಾಂಕಕ್ಕೆ ಹೊಂದುತ್ತದೆಯೇ ಎಂದು ತೀರ್ಪುಗಾರರು ನೋಡುವುದರಿಂದ, ಅಲ್ಲಿ ಹೊಸ ನಕಲು ಎಷ್ಟೇ ಚೆನ್ನಾಗಿದ್ದರೂ ಹಳೆಯ ಮೂಲಕ್ಕೆ ಸಮನಾಗುವುದಿಲ್ಲ.

ಇನ್ನು ಪ್ರಮಾಣದ ಲೆಕ್ಕ. ಒಂದು ಶೆಡ್ಡಿನಲ್ಲಿ 10,000 ಭಾಗಗಳಿವೆ, ಒಂದೊಂದಕ್ಕೆ ಸರಾಸರಿ 10 ಡಾಲರ್ ಎಂದು ಭಾವಿಸಿದರೆ ಕಾಗದದ ಮೇಲೆ ಒಂದು ಲಕ್ಷ ಡಾಲರ್ ಆಗುತ್ತದೆ. ಒಂದು ಭಾಗವನ್ನು ಒರೆಸಿ, ಗುರುತಿಸಿ, ಫೋಟೊ ತೆಗೆದು, ಪಟ್ಟಿಗೆ ಸೇರಿಸಲು ಕಾಲು ಗಂಟೆ ಹಿಡಿದರೂ ಒಟ್ಟು 2,500 ಗಂಟೆಗಳ ದುಡಿಮೆ ಬೇಕು. ವರ್ಷಕ್ಕೆ 300 ಭಾಗ ಮಾರಿದರೆ ರಾಶಿ ಕರಗಲು 33 ವರ್ಷ ಬೇಕು, ಅಷ್ಟೂ ಕಾಲ ಗೋದಾಮಿನ ಬಾಡಿಗೆ ಕಟ್ಟಬೇಕು. ಒಂದೇ ಬಗೆಯ ವಸ್ತು ನೂರಾರು ಇದ್ದಾಗ ಎಲ್ಲವನ್ನೂ ಒಮ್ಮೆಲೇ ಮಾರುಕಟ್ಟೆಗೆ ಬಿಟ್ಟರೆ ಅದರ ದರವೇ ಕುಸಿಯುತ್ತದೆ. ಹೀಗೆ ಬೃಹತ್ ಪ್ರಮಾಣದ ಕಾರಣಕ್ಕೆ ಮೌಲ್ಯದಲ್ಲಿ ಕಳೆಯುವ ಮೊತ್ತವನ್ನು ಅಮೆರಿಕದ ತೆರಿಗೆ ನ್ಯಾಯಶಾಸ್ತ್ರದಲ್ಲಿ 'ಬ್ಲಾಕೇಜ್ ಡಿಸ್ಕೌಂಟ್' ಎನ್ನುತ್ತಾರೆ. ಅದರ ಪ್ರಸಿದ್ಧ ಪ್ರಕರಣ ಕಾರಿಗಲ್ಲ, ಕಲೆಗೆ ಸಂಬಂಧಿಸಿದ್ದು: ಶಿಲ್ಪಿ ಡೇವಿಡ್ ಸ್ಮಿತ್ 1965ರಲ್ಲಿ ತೀರಿಕೊಂಡಾಗ ಅವರ ಬಳಿ 425 ಶಿಲ್ಪಗಳು ಉಳಿದಿದ್ದವು; 1972ರಲ್ಲಿ ತೆರಿಗೆ ನ್ಯಾಯಾಲಯವು, ಅಷ್ಟೂ ಶಿಲ್ಪಗಳು ಒಮ್ಮೆಗೇ ಮಾರಾಟಕ್ಕೆ ಬಂದರೆ ದರದ ಮೇಲಾಗುವ ಪರಿಣಾಮವನ್ನು ಗಣಿಸಿ, ಬಿಡಿಬಿಡಿಯಾದ ಬೆಲೆಗಳ ಮೊತ್ತಕ್ಕಿಂತ ಬಹಳ ಕಡಿಮೆಯಾದ 27 ಲಕ್ಷ ಡಾಲರನ್ನು ನಿಗದಿ ಮಾಡಿತು. ಕಲಾಕೃತಿಗಳಿಗೇ ಈ ಗತಿಯಾದರೆ ಆಕ್ಸಲುಗಳಿಗೆ ವಿನಾಯಿತಿ ನಿರೀಕ್ಷಿಸುವಂತಿಲ್ಲ.

ಈ ಕಾರಣಗಳಿಂದ ಅನುಭವಿ ಮೌಲ್ಯಮಾಪಕರು ರಾಶಿಯನ್ನೆಲ್ಲ ಎಣಿಸುವ ಗೋಜಿಗೆ ಹೋಗದೆ, ಬೆಲೆಬಾಳುವ ಕೆಲವನ್ನು ಒಂದೊಂದಾಗಿ ಬೇರ್ಪಡಿಸಿ ಬೆಲೆ ಕಟ್ಟುತ್ತಾರೆ, ಸಾಮಾನ್ಯವಾಗಿ ಬಿಕರಿಯಾಗುವವನ್ನು ಒಂದೆರಡು ಕಪಾಟುಗಳ ಮಾದರಿ ಎಣಿಕೆಯಿಂದ ಸಗಟು ದರದಲ್ಲಿ ಅಂದಾಜಿಸುತ್ತಾರೆ, ಉಳಿದದ್ದನ್ನು ಲೋಹದ ತೂಕಕ್ಕೆ ಹಾಕಿ, ಕೊನೆಯಲ್ಲಿ ಸಾಗಣೆ ಮತ್ತು ವಿಲೇವಾರಿಯ ಖರ್ಚನ್ನು ಕಳೆಯುತ್ತಾರೆ. ಬಿಡಿಯಾಗಿ ಮಾರುವ ಸಂಯಮವಿದ್ದವರಿಗೆ ಸಂತೆಗಳಿವೆ: ಪೆನ್ಸಿಲ್ವೇನಿಯಾದ ಹರ್ಷಿಯಲ್ಲಿ 1955ರಿಂದ ಪ್ರತಿ ಶರತ್ಕಾಲದಲ್ಲಿ ನಡೆಯುವ ಕೂಟ ಮತ್ತು ಇಂಗ್ಲೆಂಡಿನ ಬ್ಯೂಲಿಯಲ್ಲಿ 1967ರಿಂದ ನಡೆಯುತ್ತಿರುವ 'ಆಟೋಜಂಬಲ್' ಇವುಗಳಲ್ಲಿ ಹೆಸರಾದವು. ಆದರೆ ಸುದ್ದಿಯಾಗುವುದು ಬೇರೆಯೇ ಬಗೆಯ ಮಾರಾಟ. ನೆಬ್ರಾಸ್ಕಾದ ಪಿಯರ್ಸ್ ಎಂಬ ಸಣ್ಣ ಊರಿನಲ್ಲಿ ಮುಚ್ಚಿದ್ದ ಷೆವರ್ಲೆ ಮಳಿಗೆಯ ದಾಸ್ತಾನು 2013ರಲ್ಲಿ ಹರಾಜಾದಾಗ, ಎರಡು ಮೈಲಿಯೂ ಓಡಿರದ 1958ರ ಪಿಕಪ್ ವಾಹನವೊಂದು 1,40,000 ಡಾಲರಿಗೆ ಹೋಯಿತು. ಇಂತಹ ಸುದ್ದಿ ಓದಿದ ಬಳಿಕ ತಮ್ಮ ಅಜ್ಜನ ಶೆಡ್ಡಿನ ಬಗ್ಗೆ ಜನ ಕಟ್ಟಿಕೊಳ್ಳುವ ನಿರೀಕ್ಷೆಗೆ ಬಿಡಿಭಾಗಗಳ ಮಾರುಕಟ್ಟೆ ಹೊಣೆಯಲ್ಲ. ಜೊತೆಗೆ ಸಂಗ್ರಾಹಕರು ಸಾಮಾನ್ಯವಾಗಿ ತಮ್ಮ ಬಾಲ್ಯಯೌವನದ ಕಾರುಗಳನ್ನೇ ಬಯಸುವುದರಿಂದ, ಮಾಡೆಲ್ ಎ ಕಾರನ್ನು ಓಡಿಸಿ ಬೆಳೆದ ಪೀಳಿಗೆ ಮರೆಯಾದಂತೆ ಅದರ ಭಾಗಗಳಿಗೆ ಕೊಳ್ಳುವವರು ಕಡಿಮೆಯಾಗುತ್ತಾರೆ. ಇನ್ನೂ ಹತ್ತು ವರ್ಷ ಕಾದರೆ ಬೆಲೆ ಏರುತ್ತದೆಂಬ ನಂಬಿಕೆ ಎಲ್ಲ ಮಾದರಿಗಳಿಗೂ ಸಲ್ಲುವುದಿಲ್ಲ.

ಭಾರತದಲ್ಲಿ ಈ ಲೆಕ್ಕಕ್ಕೆ ಹೊಸ ಅಂಶವೊಂದು ಸೇರಿದೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲರೂಪದಲ್ಲೇ ಉಳಿದ, ಚಾಸಿ, ಮೈಕವಚ ಅಥವಾ ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡಾಗದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಮೂಲರೂಪ ಎಂಬ ಷರತ್ತು ಬಂದಮೇಲೆ ಮೂಲ ಭಾಗಗಳ ಮಾತು ಸಹಜವಾಗಿ ಮುಂದೆ ಬರುತ್ತದೆ. ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ರೂಪುಗೊಂಡು 2014ರವರೆಗೆ ತಯಾರಾದ ಅಂಬಾಸಡರ್‌ನ ಆರಂಭದ ಕಾರುಗಳೂ, ಫಿಯೆಟ್ 1100 ಮಾದರಿಯ ಮೊದಲ ಕಾರುಗಳೂ ಈಗಾಗಲೇ ಈ ವಯಸ್ಸನ್ನು ದಾಟಿವೆ. ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಕಡೆಗಳ ಹಳೆಯ ಅಂಗಡಿಗಳಲ್ಲಿ, ಜಿಲ್ಲಾ ಕೇಂದ್ರಗಳ ಮುಚ್ಚಿದ ಗ್ಯಾರೇಜುಗಳಲ್ಲಿ ಇಂತಹ ಕಾರುಗಳ ಭಾಗಗಳನ್ನು ಇಟ್ಟುಕೊಂಡಿರುವ ಕುಟುಂಬಗಳು, ಜಾಗ ಖಾಲಿ ಮಾಡುವ ಅವಸರದಲ್ಲಿ ಗುಜರಿಯವರನ್ನು ಕರೆಯುವ ಮುನ್ನ ಭಾಗಸಂಖ್ಯೆಗಳ ಪಟ್ಟಿಯೊಂದನ್ನು ಮಾಡಿ, ಹಳೆಯ ಕಾರುಗಳ ಕ್ಲಬ್ಬಿನ ಯಾರಿಗಾದರೂ ತೋರಿಸಬೇಕು; ಪೆಟ್ಟಿಗೆಗಳನ್ನೂ ಬಿಲ್ಲುಗಳನ್ನೂ ಕಂಪನಿಯ ಪಟ್ಟಿಪುಸ್ತಕಗಳನ್ನೂ ರದ್ದಿಗೆ ಹಾಕದೆ ಭಾಗಗಳ ಜೊತೆಗೇ ಕೊಡಬೇಕು.